ಸ್ವಯಂಪ್ರಕಾಶನ: ಗ್ರಂಥಪರಿಷ್ಕರಣ ಮತ್ತು ವಿಮರ್ಶೆ

ಗ್ರಂಥಕರ್ತನು ತನ್ನ ಕೃತಿಯನ್ನು ಅನ್ಯ ಪ್ರಕಾಶಕರ ಆಶ್ರಯಕ್ಕೆ ಒಪ್ಪಿಸದೆ, ಮುದ್ರಣದ ವೆಚ್ಚವನ್ನೂ ಮಾರಾಟದ ಶ್ರಮವನ್ನೂ ತಾನೇ ಹೊತ್ತು ಹೊರತರುವ ಕ್ರಮಕ್ಕೆ ಸ್ವಯಂಪ್ರಕಾಶನವೆಂದು ಹೆಸರು. ಇಂತಹ ಕೃತಿಯು ಅಚ್ಚಿಗೆ ಹೋಗುವ ಮುನ್ನ ಬಲ್ಲವರ ಕೈಯಲ್ಲಿ ಪಡೆಯುವ ತಿದ್ದುಪಡಿಯನ್ನು ಪರಿಷ್ಕರಣವೆಂದೂ, ಅಚ್ಚಾದ ಬಳಿಕ ಅದರ ಗುಣದೋಷಗಳನ್ನು ಬಹಿರಂಗವಾಗಿ ತೂಗಿನೋಡುವ ಬರೆಹವನ್ನು ವಿಮರ್ಶೆಯೆಂದೂ ಕರೆಯುತ್ತಾರೆ. ವ್ಯವಸ್ಥಿತವಾದ ಪ್ರಕಾಶನ ಸಂಸ್ಥೆಯಲ್ಲಿ ಈ ಎರಡಕ್ಕೂ ಒಂದು ಏರ್ಪಾಡು ಇರುವುದಷ್ಟೆ. ಸ್ವಯಂಪ್ರಕಾಶಕನಾದರೋ ಇವನ್ನು ತಾನಾಗಿಯೇ ಅರಸಿಕೊಳ್ಳಬೇಕು. ಅವನಿಗೆ ಒದಗುವ ನಿಜವಾದ ಕೊರತೆ ಹಣದ್ದಲ್ಲ, ಮುದ್ರಣಾಲಯದ್ದೂ ಅಲ್ಲ; ಮುಲಾಜಿಲ್ಲದೆ ಓದಿ ಹೇಳುವ ಮೊದಲ ಓದುಗನದು.

ಕನ್ನಡದಲ್ಲಿ ಸ್ವಯಂಪ್ರಕಾಶನವು ಬೇರೆಲ್ಲಿಯೂ ಸಲ್ಲದವರ ಮಾರ್ಗವಾಗಿರಲಿಲ್ಲವೆಂಬುದು ಮೊದಲು ತಿಳಿಯತಕ್ಕ ಸಂಗತಿ. ಗಳಗನಾಥರು (1869–1942) ಕಾದಂಬರಿಗಳನ್ನು ಬರೆದು, ಅಚ್ಚು ಹಾಕಿಸಿ, ಪುಸ್ತಕದ ಹೊರೆಯನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಶಿವರಾಮ ಕಾರಂತರು ಪುತ್ತೂರಿನ ಹರ್ಷ ಪ್ರಕಟಣಾಲಯದಿಂದಲೂ, ಮಾಸ್ತಿಯವರು ಜೀವನ ಕಾರ್ಯಾಲಯದಿಂದಲೂ, ಕುವೆಂಪು ಅವರು ಮೈಸೂರಿನ ಉದಯರವಿ ಪ್ರಕಾಶನದಿಂದಲೂ, ಅವರ ಮಗ ಪೂರ್ಣಚಂದ್ರ ತೇಜಸ್ವಿಯವರು ಪುಸ್ತಕ ಪ್ರಕಾಶನದಿಂದಲೂ ತಮ್ಮ ಕೃತಿಗಳನ್ನು ಹೊರತಂದರು. ಇಂಗ್ಲೆಂಡಿನಲ್ಲಿ ವರ್ಜೀನಿಯ ವುಲ್ಫ್ ಮತ್ತು ಅವರ ಪತಿ ಲೆನರ್ಡ್ ವುಲ್ಫ್ 1917ರಲ್ಲಿ ರಿಚ್ಮಂಡ್‌ನ ಸ್ವಗೃಹದಲ್ಲಿಯೇ ಕೈಯಚ್ಚಿನ ಯಂತ್ರವೊಂದನ್ನು ಇರಿಸಿ ಹೋಗಾರ್ತ್ ಪ್ರೆಸ್ ಸ್ಥಾಪಿಸಿದರು; ಆಕೆಯ ಕಾದಂಬರಿಗಳನ್ನು ಎಲ್ಲರಿಗಿಂತ ಮೊದಲು ಓದಿ ಅಭಿಪ್ರಾಯ ಹೇಳುತ್ತಿದ್ದವರು ಲೆನರ್ಡ್ ಅವರೇ.

ಕನ್ನಡದ ಈ ಹಿರಿಯರಲ್ಲಿ ಅನೇಕರಿಗೆ ಪ್ರಕಾಶಕನಿರಲಿಲ್ಲವಾದರೂ ಪರೀಕ್ಷಕ ಮಂಡಲವಿದ್ದಿತು. 1919ರಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಆರಂಭಿಸಿದ ‘ಪ್ರಬುದ್ಧ ಕರ್ಣಾಟಕ’ದಂತಹ ಪತ್ರಿಕೆ, ಕಾಲೇಜುಗಳ ಕರ್ಣಾಟಕ ಸಂಘಗಳು, ಗುರುಶಿಷ್ಯರು ಕೂಡಿ ಓದುತ್ತಿದ್ದ ಸಂಜೆಗಳು, ಇವೆಲ್ಲ ಸೇರಿ ಇಂದು ಸಂಪಾದಕನೊಬ್ಬನು ಮಾಡತಕ್ಕ ಕೆಲಸವನ್ನು ಸದ್ದಿಲ್ಲದೆ ಮಾಡುತ್ತಿದ್ದವು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಕಾವ್ಯವನ್ನು ಗುರುಗಳಾದ ಟಿ. ಎಸ್. ವೆಂಕಣ್ಣಯ್ಯನವರಿಗೆ ಅರ್ಪಿಸಿರುವುದನ್ನು ಈ ಹಿನ್ನೆಲೆಯಲ್ಲಿ ನೆನೆಯಬೇಕು. ಧಾರವಾಡದ ಮನೋಹರ ಗ್ರಂಥಮಾಲೆಯಲ್ಲಿ ಕೀರ್ತಿನಾಥ ಕುರ್ತಕೋಟಿಯವರು ಸಾಹಿತ್ಯ ಸಲಹೆಗಾರರಾಗಿ ನಿರ್ವಹಿಸಿದ ಕಾರ್ಯವೂ ಇದೇ ಜಾತಿಯದು. ಇಂದು ಸ್ವಂತ ಹಣದಿಂದ ಪುಸ್ತಕ ತರುವ ಲೇಖಕನಿಗೆ ಅಂತಹ ಮಂಡಲವು ತಾನಾಗಿ ಒದಗುವುದಿಲ್ಲ. ಅವನು ಅದನ್ನು ಬುದ್ಧಿಪೂರ್ವಕವಾಗಿ ಕಟ್ಟಿಕೊಳ್ಳಬೇಕಾಗಿದೆ.

ತುಮಕೂರು ಜಿಲ್ಲೆಯ ತಿಪಟೂರು ತಾಲ್ಲೂಕಿನ ಹೊನ್ನವಳ್ಳಿಯಲ್ಲಿ, ಅದರ ಆಸುಪಾಸಿನ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ, ಪರಿಷ್ಕರಣದ ವಿಷಯವನ್ನು ಚಿಂತಿಸುವವನಿಗೆ ಹತ್ತಿರದಲ್ಲಿಯೇ ಒಂದು ಮಹತ್ತಾದ ಮಾದರಿಯುಂಟು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಜನಿಸಿದ ತೀ. ನಂ. ಶ್ರೀಕಂಠಯ್ಯನವರು ‘ಭಾರತೀಯ ಕಾವ್ಯಮೀಮಾಂಸೆ’ಯ (1953) ಕರ್ತೃಗಳಾಗಿ ಪ್ರಸಿದ್ಧರಾದಂತೆಯೇ, ರನ್ನನ ಗದಾಯುದ್ಧದ ಸಂಗ್ರಹವನ್ನೂ ಹರಿಹರನ ನಂಬಿಯಣ್ಣನ ರಗಳೆಯನ್ನೂ ಸಂಪಾದಿಸಿದ ವಿದ್ವಾಂಸರೂ ಹೌದು. ಪ್ರಾಚೀನ ಗ್ರಂಥದ ಸಂಪಾದಕನು ಪಾಠಾಂತರಗಳನ್ನು ಹೋಲಿಸದೆ ಒಂದಕ್ಷರವನ್ನೂ ಕದಲಿಸನು. ತನಗೆ ರುಚಿಸಲಿಲ್ಲವೆಂಬ ಕಾರಣಕ್ಕೆ ಕವಿಯ ಪ್ರಯೋಗವನ್ನು ಅಳಿಸನು. ಈ ಶಿಸ್ತನ್ನು ಡಿ. ಎಲ್. ನರಸಿಂಹಾಚಾರ್ಯರು ‘ಕನ್ನಡ ಗ್ರಂಥಸಂಪಾದನೆ’ಯಲ್ಲಿ (1964) ಶಾಸ್ತ್ರೀಯವಾಗಿ ನಿರೂಪಿಸಿದರು. ಸಮಕಾಲೀನ ಲೇಖಕನ ಹಸ್ತಪ್ರತಿಯನ್ನು ತಿದ್ದುವವನಿಗೂ ಇದೇ ವಿನಯವು ಬೇಕು.

ಏಕೆಂದರೆ ತಿದ್ದುವುದರಲ್ಲಿ ಎರಡು ಬಗೆಯ ಅಪಚಾರಗಳುಂಟು. ತಿದ್ದಬೇಕಾದುದನ್ನು ಬಿಡುವುದು ಒಂದು, ಬಿಡಬೇಕಾದುದನ್ನು ತಿದ್ದುವುದು ಇನ್ನೊಂದು. ಈ ಸೀಮೆಯ ಕಥೆಯೊಂದರಲ್ಲಿ ಪಾತ್ರವೊಂದು ‘ಅಟ್ಟದ್ ಮೇಲ್ ಕಾಯಿ ಅವೆ, ಇಳಿಸ್‌ಬೇಕು’ ಎಂದು ಆಡಿದ್ದರೆ, ಅದನ್ನು ‘ಅಟ್ಟದ ಮೇಲೆ ಕಾಯಿಗಳಿವೆ, ಇಳಿಸಬೇಕು’ ಎಂದು ನೇರ್ಪಡಿಸುವವನು ಕೊಬ್ಬರಿಗಾಗಿ ತಿಂಗಳುಗಟ್ಟಲೆ ಅಟ್ಟದಲ್ಲಿ ಕಾಯಿ ಕೂಡಿಟ್ಟ ರೈತನ ಬಾಯನ್ನೇ ಕಟ್ಟಿದಂತಾಯಿತು. ಅದೇ ಕಥೆಯ ನಿರೂಪಣೆಯಲ್ಲಿ ‘ದನದ ಕೊಟ್ಟಿಗೆ’ ಎಂಬುದು ‘ಧನದ ಕೊಟ್ಟಿಗೆ’ ಎಂದಿದ್ದರೆ, ‘ಅಭ್ಯಾಸ’ವು ‘ಅಬ್ಯಾಸ’ವಾಗಿದ್ದರೆ, ಅವನ್ನು ಉಳಿಸಲು ಯಾವ ಸಮರ್ಥನೆಯೂ ಇಲ್ಲ. ಪಾತ್ರದ ಆಡುನುಡಿ ಎಲ್ಲಿ ಮುಗಿಯುತ್ತದೆ, ಲೇಖಕನ ಅಜಾಗರೂಕತೆ ಎಲ್ಲಿ ಮೊದಲಾಗುತ್ತದೆ ಎಂಬುದನ್ನು ಗುರುತಿಸಬಲ್ಲವನೇ ಪರಿಷ್ಕಾರಕನು. ಆದುದರಿಂದ ಆ ಸೀಮೆಯ ಮಾತನ್ನು ಕಿವಿಯಾರೆ ಕೇಳಿದವರಿಂದಲೇ ಈ ಕೆಲಸ ಮಾಡಿಸಿಕೊಳ್ಳುವುದು ಲೇಸು.

ಪರಿಷ್ಕರಣದಲ್ಲಿ ಕೃತಿಯ ಒಟ್ಟು ಬಂಧವನ್ನು ನೋಡುವ ಕೆಲಸ, ವಾಕ್ಯ ಮತ್ತು ಶಬ್ದಗಳನ್ನು ಹಸನುಗೊಳಿಸುವ ಕೆಲಸ, ಕರಡಚ್ಚು ತಿದ್ದುವ ಕೆಲಸ ಎಂಬ ಹಂತಗಳುಂಟು. ಇವನ್ನು ಇದೇ ಕ್ರಮದಲ್ಲಿ ನಡೆಸಬೇಕು. ಪುಟವಿನ್ಯಾಸವಾದ ಮೇಲೆ ಅಧ್ಯಾಯವನ್ನೇ ಕಿತ್ತುಹಾಕುವುದರಿಂದ ಖರ್ಚು ಇಮ್ಮಡಿಯಾಗುವುದಲ್ಲದೆ ಹೊಸ ತಪ್ಪುಗಳೂ ನುಸುಳುತ್ತವೆ. ನುಡಿ ಅಥವಾ ಬರಹ ತಂತ್ರಾಂಶದ ಹಳೆಯ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡಿದ ಕಡತವನ್ನು ಯೂನಿಕೋಡಿಗೆ ಪರಿವರ್ತಿಸುವಾಗ ಅರ್ಕಾವೊತ್ತು, ಒತ್ತಕ್ಷರಗಳು ಸ್ಥಾನಪಲ್ಲಟವಾಗುವುದುಂಟು; ಪರಿವರ್ತನೆಯಾದ ಮೇಲೆ ಮೊದಲಿನಿಂದ ಕೊನೆಯವರೆಗೆ ಮತ್ತೊಮ್ಮೆ ಓದದೆ ಡಿಟಿಪಿಯವರಿಗೆ ಒಪ್ಪಿಗೆ ಕೊಡಲಾಗದು. ಕರಡನ್ನು ಲೇಖಕನೊಬ್ಬನೇ ನೋಡತಕ್ಕದ್ದಲ್ಲ. ಬರೆದವನ ಕಣ್ಣು ಇರುವುದನ್ನು ಕಾಣದೆ ಇರಬೇಕಾದುದನ್ನೇ ಕಾಣುತ್ತದೆ. ಹಳೆಯ ಪುಸ್ತಕಗಳ ಕೊನೆಯಲ್ಲಿ ಒಪ್ಪೋಲೆಯೆಂಬ ತಿದ್ದುಪಡಿ ಪಟ್ಟಿಯೊಂದಿರುತ್ತಿತ್ತು. ಆ ಪ್ರಾಮಾಣಿಕ ಸಂಪ್ರದಾಯವು ಲೋಪವಾದುದು ನಿಜಕ್ಕೂ ವಿಷಾದದ ಸಂಗತಿ.

ಊರಿನ ಇತಿಹಾಸ, ದೇವಾಲಯದ ಸ್ಥಳಮಾಹಾತ್ಮ್ಯ, ವಂಶವೃತ್ತಾಂತ ಮುಂತಾದುವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಹಾಕಿಸುವವರಿಗೆ ಭಾಷೆಯ ತಿದ್ದುಪಡಿಯಷ್ಟೇ ಸಾಲದು, ಸಂಗತಿಗಳ ಪರಿಶೀಲನೆಯೂ ಅವಶ್ಯಕ. ತುರುವೇಕೆರೆಯ ಮೂಲೆ ಶಂಕರೇಶ್ವರ ದೇವಾಲಯದಂತಹ 13ನೆಯ ಶತಮಾನದ ಹೊಯ್ಸಳ ಗುಡಿಯ ಬಗ್ಗೆ ಬರೆಯುವವನು, ಕೇಳಿದ ಐತಿಹ್ಯವನ್ನು ಐತಿಹ್ಯವೆಂದೇ ಹೇಳಿ, ರಾಜನ ಹೆಸರನ್ನೂ ಕಾಲವನ್ನೂ ಬಿ. ಎಲ್. ರೈಸ್ ಅವರು 1904ರಲ್ಲಿ ಪ್ರಕಟಿಸಿದ ಎಪಿಗ್ರಾಫಿಯ ಕರ್ನಾಟಿಕದ 12ನೆಯ ಸಂಪುಟದ ತುಮಕೂರು ಜಿಲ್ಲೆಯ ಶಾಸನಗಳೊಡನೆ ಸರಿನೋಡಬೇಕು. ಒಮ್ಮೆ ಅಚ್ಚಾದ ತಪ್ಪು ಇಸವಿಯು ಜಾತ್ರೆಯ ಕರಪತ್ರಕ್ಕೂ ಶಾಲೆಯ ಸ್ಮರಣಸಂಚಿಕೆಗೂ ಹರಿದು, ಮುಂದೆ ಯಾರಿಂದಲೂ ಕೀಳಲಾಗದಂತೆ ಬೇರೂರುತ್ತದೆ.

ವಿಮರ್ಶೆಯ ವಿಚಾರದಲ್ಲಿ ಸ್ವಯಂಪ್ರಕಾಶಕನ ಸ್ಥಿತಿ ಇನ್ನೂ ಕಷ್ಟದ್ದು. ಮುನ್ನುಡಿ, ಬೆನ್ನುಡಿಗಳನ್ನು ಅವನು ವಿಮರ್ಶೆಯೆಂದು ಭಾವಿಸುವುದುಂಟು. ಅವು ಆಶೀರ್ವಚನಗಳು, ಪರೀಕ್ಷೆಗಳಲ್ಲ. ಲೋಕಾರ್ಪಣೆಯ ದಿನದ ಭಾಷಣಗಳೂ ಅಂತೆಯೇ. ಪತ್ರಿಕೆಗಳಿಗೆ ಕಳುಹಿಸಿದ ಪ್ರತಿಗಳು ಬಹುಮಟ್ಟಿಗೆ ‘ಸಾದರ ಸ್ವೀಕಾರ’ದ ಪಟ್ಟಿಯಲ್ಲಿ ಹೆಸರು, ಪುಟ, ಬೆಲೆಗಳೊಡನೆ ಮುಗಿದುಹೋಗುತ್ತವೆ. ನಂದಳಿಕೆಯ ಮುದ್ದಣನು (1870–1901) ಮೈಸೂರಿನ ಪತ್ರಿಕೆಗೆ ತನ್ನ ರಾಮಾಶ್ವಮೇಧವನ್ನು ಪ್ರಾಚೀನ ಕವಿಯೊಬ್ಬನ ಕೃತಿಯೆಂಬಂತೆ ಕಳುಹಿಸಿಕೊಟ್ಟುದು, ಅಜ್ಞಾತನಾದ ಲೇಖಕನಿಗೆ ನಿಷ್ಪಕ್ಷಪಾತವಾದ ಓದು ಎಷ್ಟು ದುರ್ಲಭವೆಂಬುದಕ್ಕೆ ನಮ್ಮ ಸಾಹಿತ್ಯದಲ್ಲಿ ಉಳಿದಿರುವ ಅತ್ಯಂತ ಕರುಣಾಜನಕ ಸಾಕ್ಷಿ. ಹಣ ಕೊಟ್ಟು ಬರೆಸಿದ ಪ್ರಶಂಸೆಯು ಈ ಅಭಾವವನ್ನು ತುಂಬಲಾರದು. ಅದು ಓದುಗನಿಗೆ ಮಾಡಿದ ವಂಚನೆ. ಪರಿಷ್ಕಾರಕನ ಶ್ರಮಕ್ಕೆ ಸಂಭಾವನೆ ಕೊಡುವುದು ನ್ಯಾಯ, ವಿಮರ್ಶಕನ ಅಭಿಪ್ರಾಯಕ್ಕೆ ಬೆಲೆ ಕಟ್ಟುವುದು ಅನ್ಯಾಯ. ಈ ಅಂತರವನ್ನು ಎಂದಿಗೂ ಮರೆಯಲಾಗದು.

ಸರ್ಕಾರದ ನೆರವು ಈ ಕ್ಷೇತ್ರಕ್ಕೆ ಕೆಲಮಟ್ಟಿಗೆ ಒದಗಿದೆ. 1993ರಲ್ಲಿ ಸ್ಥಾಪಿತವಾದ ಕನ್ನಡ ಪುಸ್ತಕ ಪ್ರಾಧಿಕಾರವು ಯುವ ಬರೆಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ನೀಡುವ ಯೋಜನೆಯನ್ನು ನಡೆಸುತ್ತ ಬಂದಿದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯು ಆಯ್ದ ಪುಸ್ತಕಗಳನ್ನು ಸಗಟಾಗಿ ಕೊಳ್ಳುತ್ತದೆ. ನೆರವಿನೊಡನೆ ಹೊಣೆಯೂ ಉಂಟು: ಗ್ರಂಥಗಳ ಒಪ್ಪಿಸುವಿಕೆಯನ್ನು ಕುರಿತ 1954ರ ಕೇಂದ್ರ ಕಾಯಿದೆಯಂತೆ, ಸ್ವಯಂಪ್ರಕಾಶಕನೂ ಪ್ರಕಾಶಕನೇ ಆದುದರಿಂದ, ಪ್ರಕಟಣೆಯಾದ 30 ದಿನಗಳೊಳಗೆ ಕೊಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ತನ್ನ ಖರ್ಚಿನಲ್ಲಿಯೇ ಪ್ರತಿಯನ್ನು ಕಳುಹಿಸಬೇಕು.

ಆದರೆ ಹಸ್ತಪ್ರತಿಯನ್ನು ಓದಿ ಹೇಳುವವರನ್ನು ಯಾವ ಇಲಾಖೆಯೂ ಸಗಟಾಗಿ ಒದಗಿಸಲಾರದು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಾಲೇಜುಗಳ ಕನ್ನಡ ಅಧ್ಯಾಪಕರೂ, ಸಾಹಿತ್ಯ ಪರಿಷತ್ತಿನ ತಾಲ್ಲೂಕು ಘಟಕಗಳವರೂ, ಲೋಕಾರ್ಪಣೆಯ ವೇದಿಕೆಗೆ ಬರಲು ಒಪ್ಪುವಷ್ಟೇ ಸುಲಭವಾಗಿ, ಅಚ್ಚಿಗೆ ಮುಂಚಿನ ಹಸ್ತಪ್ರತಿಯನ್ನು ಓದಿ ಅಂಚಿನಲ್ಲಿ ಗುರುತು ಹಾಕಿ ಕೊಡಲು ಒಪ್ಪಬೇಕು. ಲೇಖಕರೂ ಮುಖಪುಟಕ್ಕೆ ಚಿತ್ರ ಬರೆಸುವ ಮುನ್ನ ಅವರ ಮನೆಬಾಗಿಲಿಗೆ ಹೋಗಬೇಕು.