ಎಳೆಯ ಫುಟ್‌ಬಾಲ್ ಆಟಗಾರರ ಪೋಷಣೆ, ಮಂಗಳೂರು

ನೆಹರೂ ಮೈದಾನದಂಥ ಅಂಗಳಗಳಲ್ಲಿ ಆಡಿ ಬೆಳೆಯುವ ಮಕ್ಕಳಿಗೆ ಆಹಾರ ಓಟದ ಕಸುವಿಗೂ ಮೈಯ ಬೆಳವಣಿಗೆಗೂ ಸಾಲಬೇಕು. ಪಂದ್ಯಕ್ಕೆ 3–4 ಗಂಟೆ ಮುಂಚಿನ ಕುಚ್ಚಲಕ್ಕಿ ಊಟ ಸ್ನಾಯುಗಳಲ್ಲಿ ಗ್ಲೈಕೋಜನ್ ತುಂಬುತ್ತದೆ. ಕರಾವಳಿಯ ನಿಜವಾದ ಸಂಪತ್ತು ಬೂತಾಯಿ ಮತ್ತು ಬಂಗುಡೆ ಮೀನುಗಳು: ಇವು ಪ್ರೋಟೀನ್, ಒಮೆಗಾ-3, ವಿಟಮಿನ್ ಡಿ ಕೊಡುತ್ತವೆ, ಮುಳ್ಳುಸಹಿತ ತಿಂದ ಬೂತಾಯಿಯಿಂದ ಕ್ಯಾಲ್ಸಿಯಂ ಕೂಡ ದೊರೆಯುತ್ತದೆ. ದುಬಾರಿ ಪ್ರೋಟೀನ್ ಪುಡಿಗಳ ಅಗತ್ಯ ಸಾಮಾನ್ಯವಾಗಿ ಇರದು. ಮೀನು ತಿನ್ನದವರಿಗೆ ಹೆಸರುಕಾಳು, ಹುರುಳಿ, ಹಾಲು, ಮೊಸರು ಆಧಾರ. ಮುಟ್ಟು ಆರಂಭವಾದ ಹುಡುಗಿಯರ ಕಬ್ಬಿಣದ ಕೊರತೆಗೆ ವಿಶೇಷ ಗಮನ ಬೇಕು. ಇಲ್ಲಿನ ತೇವಭರಿತ ಸೆಕೆಯಲ್ಲಿ ಬೆವರು ಬೇಗ ಆರದು, ನೀರಿನೊಡನೆ ಉಪ್ಪೂ ನಷ್ಟವಾಗುತ್ತದೆ. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚು, ಸೋಡಿಯಂ ಕಡಿಮೆ. ಹಾಗಾಗಿ ದೀರ್ಘ ಅಭ್ಯಾಸದ ನಂತರ ಉಪ್ಪು ಬೆರೆಸಿದ ಗಂಜಿತಿಳಿ ಅಥವಾ ಮಜ್ಜಿಗೆ ಹೆಚ್ಚು ಉಪಯುಕ್ತ.