ಕರಗಿದ ರೂಪಾಯಿ, ಚಹಾ ತೋಟದ ಚೆಂಡು

ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ನಡುವೆ ಪ್ರತಿವರ್ಷ ಒಂದು ರಗ್ಬಿ ಪಂದ್ಯ ನಡೆಯುತ್ತೆ. ಗೆದ್ದವರಿಗೆ ಸಿಗೋ ಬೆಳ್ಳಿ ಕಪ್ಪನ್ನು ಒಮ್ಮೆ ಫೋಟೋದಲ್ಲಾದರೂ ನೋಡಿ. ಮೂರು ಹಿಡಿಕೆಗಳು, ಮೂರೂ ನಾಗರಹಾವಿನ ಆಕಾರದವು. ಮುಚ್ಚಳದ ಮೇಲೆ ಒಂದು ಆನೆ. ಹೆಸರು ಕಲ್ಕತ್ತಾ ಕಪ್. ಅದರೊಳಗಿರೋ ಬೆಳ್ಳಿ ಒಂದು ಕಾಲಕ್ಕೆ ನಮ್ಮ ದೇಶದ ಬೆಳ್ಳಿ ರೂಪಾಯಿ ನಾಣ್ಯಗಳಾಗಿತ್ತು.

ಈ ನಾಣ್ಯಗಳು ಕಪ್ ಆಗಿದ್ದು ಹೇಗೆ ಅಂತ ಓದಿದರೆ, ಒಂದು ಆಟ ಒಂದು ನೆಲದಲ್ಲಿ ಯಾಕೆ ಬೇರು ಬಿಡಲ್ಲ ಅನ್ನೋದು ಅರ್ಥ ಆಗುತ್ತೆ. ಅದೇ ಆಟ ನೂರಿಪ್ಪತ್ತು ವರ್ಷ ಕಳೆದ ಮೇಲೆ ಅದೇ ಊರಿನಲ್ಲಿ ಹೇಗೆ ಬೇರು ಬಿಟ್ಟಿತು ಅನ್ನೋದು ಇನ್ನೂ ಒಳ್ಳೆ ಕಥೆ.

1872ರ ಕ್ರಿಸ್ಮಸ್ ದಿನ ಕಲ್ಕತ್ತಾದಲ್ಲಿ ಮೊದಲ ದೊಡ್ಡ ರಗ್ಬಿ ಪಂದ್ಯ ನಡೆಯಿತು. ಒಂದು ಕಡೆ ಇಂಗ್ಲೆಂಡಿನವರು, ಇನ್ನೊಂದು ಕಡೆ ಸ್ಕಾಟ್ಲೆಂಡ್, ಐರ್ಲೆಂಡ್, ವೇಲ್ಸ್‌ನವರು. ತಂಡಕ್ಕೆ ಇಪ್ಪತ್ತು ಜನ. ಉತ್ಸಾಹ ಎಷ್ಟಿತ್ತೆಂದರೆ ಮರುತಿಂಗಳೇ ಕಲ್ಕತ್ತಾ ಫುಟ್‌ಬಾಲ್ ಕ್ಲಬ್ ಶುರುವಾಯಿತು. ಆದರೆ ಐದು ವರ್ಷ ಆಗೋದರೊಳಗೆ ಕ್ಲಬ್ಬಿಗೆ ಸುಸ್ತು ಬಂತು. ಆಟಗಾರರನ್ನು ಒದಗಿಸುತ್ತಿದ್ದ ಸೈನಿಕ ತುಕಡಿಯೊಂದು ಬೇರೆಡೆಗೆ ಹೋಯಿತು. ಕ್ಲಬ್ಬಿನ ಬಾರ್‌ನಲ್ಲಿ ಪುಕ್ಕಟೆ ಕುಡಿತ ನಿಂತಿತು, ಅದರ ಜೊತೆಗೆ ಸದಸ್ಯರೂ ಕರಗಿದರು. ಬಿಸಿಲಿಗೆ ಪೋಲೋ, ಟೆನಿಸ್ ವಾಸಿ ಅನ್ನಿಸಿತು. ಕೊನೆಗೆ ಉಳಿದ ಸದಸ್ಯರು ಖಾತೆ ಮುಚ್ಚಿ ಹಣವನ್ನು ಬೆಳ್ಳಿ ರೂಪಾಯಿಗಳಲ್ಲಿ ತೆಗೆದುಕೊಂಡರು. 270 ರೂಪಾಯಿ ಅಂತ ಹೇಳ್ತಾರೆ. ಅದನ್ನು ಕರಗಿಸಿ ಕಪ್ ಮಾಡಿಸಿ ಲಂಡನ್ನಿನ ರಗ್ಬಿ ಯೂನಿಯನ್ನಿಗೆ ಕಾಣಿಕೆ ಕೊಟ್ಟರು. 1879ರಲ್ಲಿ ಎಡಿನ್‌ಬರೋದಲ್ಲಿ ಆ ಕಪ್ಪಿಗಾಗಿ ನಡೆದ ಮೊದಲ ಪಂದ್ಯ ಡ್ರಾ ಆಯಿತು.

ಬಾರ್ ಮುಚ್ಚಿದರೆ, ಒಂದು ರೆಜಿಮೆಂಟ್ ರೈಲು ಹತ್ತಿದರೆ ಒಂದು ಆಟವೇ ನಿಂತುಹೋಗುತ್ತೆ ಅಂದರೆ ಏನರ್ಥ? ಆ ಐದು ವರ್ಷದಲ್ಲಿ ಆ ಊರಿನ ಒಂದು ಮಗುವಿನ ಕೈಗೂ ಚೆಂಡು ಹೋಗಲಿಲ್ಲ ಅಂತ ಅರ್ಥ. ಬೇಲಿ ಆಚೆ ನಿಂತವರು ನೋಡುತ್ತಿದ್ದರು, ಅಷ್ಟೇ.

ಆದರೆ ಬೇಲಿ ಆಚೆ ನಿಂತವನೊಬ್ಬನ ಕಥೆ ಬೇರೆ ಇದೆ. ಕ್ಲಬ್ ಕೊನೆಯುಸಿರು ಎಳೆಯುತ್ತಿದ್ದ ಅದೇ 1877ರ ಹೊತ್ತಿಗೆ ನಗೇಂದ್ರ ಪ್ರಸಾದ್ ಸರ್ಬಾಧಿಕಾರಿ ಅನ್ನೋ ಹುಡುಗ ತಾಯಿ ಜೊತೆ ಗಾಡಿಯಲ್ಲಿ ಗಂಗಾಸ್ನಾನಕ್ಕೆ ಹೊರಟಿದ್ದನಂತೆ. ವಯಸ್ಸು ಎಂಟೋ ಒಂಬತ್ತೋ. ಮೈದಾನದಲ್ಲಿ ಬಿಳಿಯರು ಚೆಂಡಾಡೋದನ್ನು ನೋಡಿ ಗಾಡಿ ಇಳಿದ. ಚೆಂಡು ಉರುಳಿ ಅವನ ಹತ್ತಿರ ಬಂತು, ಒದ್ದು ವಾಪಸ್ ಕಳಿಸಿದ. ಮಾರನೇ ದಿನ ಹೇರ್ ಸ್ಕೂಲಿನ ಗೆಳೆಯರನ್ನು ಸೇರಿಸಿ ಚಂದಾ ಎತ್ತಿ ಅಂಗಡಿಗೆ ಹೋಗಿ ಚೆಂಡು ಕೊಂಡ. ಬಂಗಾಳದವರು ಇಂದಿಗೂ ನಗುತ್ತಾ ಹೇಳೋ ಮಾತು ಏನೆಂದರೆ, ಹುಡುಗರು ಗೊತ್ತಿಲ್ಲದೆ ಕೊಂಡಿದ್ದು ರಗ್ಬಿ ಚೆಂಡು! ಪಕ್ಕದ ಪ್ರೆಸಿಡೆನ್ಸಿ ಕಾಲೇಜಿನ ಪ್ರೊಫೆಸರ್ ಸ್ಟ್ಯಾಕ್ ಇವರ ಒದ್ದಾಟ ನೋಡಿ, 'ಇದಲ್ಲಪ್ಪ' ಅಂತ ದುಂಡಗಿನ ಚೆಂಡು ಕೊಡಿಸಿದರಂತೆ.

ಈ ಕಥೆಯಲ್ಲಿ ಎಷ್ಟು ಉಪ್ಪುಖಾರ ಸೇರಿದೆಯೋ ಏನೋ. ಆದರೆ ಅದರ ನಂತರದ್ದು ದಾಖಲೆ. ಸರ್ಬಾಧಿಕಾರಿ ಕ್ಲಬ್ ಮೇಲೆ ಕ್ಲಬ್ ಕಟ್ಟಿದ. ಅವುಗಳಲ್ಲಿ ಒಂದಾದ ವೆಲಿಂಗ್ಟನ್ ಕ್ಲಬ್ಬಿಗೆ ಕುಂಬಾರರ ಹುಡುಗ ಮಣಿ ದಾಸ್‌ನನ್ನು ಸೇರಿಸಿಕೊಳ್ಳೋಕೆ ಹೋದಾಗ ಮೇಲುಜಾತಿಯ ಸದಸ್ಯರು ಬೇಡ ಅಂದರು. ಸರ್ಬಾಧಿಕಾರಿ ಆ ಹುಡುಗನನ್ನು ಬಿಡಲಿಲ್ಲ, ಕ್ಲಬ್ಬನ್ನೇ ಬಿಟ್ಟ. 1887ರಲ್ಲಿ ಶೋಭಾಬಜಾರ್ ಕ್ಲಬ್ ಕಟ್ಟಿ ಎಲ್ಲರಿಗೂ ಬಾಗಿಲು ತೆರೆದ. ಐದೇ ವರ್ಷದಲ್ಲಿ, 1892ರಲ್ಲಿ, ಆ ಕ್ಲಬ್ ಬ್ರಿಟಿಷ್ ರೆಜಿಮೆಂಟ್ ತಂಡವೊಂದನ್ನು ಸೋಲಿಸಿತು. 1911ರಲ್ಲಿ ಮೋಹನ್ ಬಗಾನ್ ಬಹುತೇಕ ಬರಿಗಾಲಲ್ಲಿ ಆಡಿ ಐಎಫ್‌ಎ ಶೀಲ್ಡ್ ಗೆದ್ದ ಕಥೆ ನಿಮಗೆ ಗೊತ್ತೇ ಇರುತ್ತೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಒಂದೇ ಊರು, ಒಂದೇ ಮೈದಾನ, ಹೆಚ್ಚುಕಮ್ಮಿ ಒಂದೇ ವರ್ಷ. ರಗ್ಬಿಯವರ ಹತ್ತಿರ ದುಡ್ಡಿತ್ತು, ನಿಯಮವಿತ್ತು, ಲಂಡನ್ನಿನ ಮಾನ್ಯತೆ ಇತ್ತು. ಫುಟ್‌ಬಾಲ್ ಕಡೆ ಇದ್ದದ್ದು ಶಾಲೆಯ ಅಂಗಳ ಮತ್ತು ತಪ್ಪು ಚೆಂಡು ಕೊಂಡ ಮಕ್ಕಳು. ಗೆದ್ದಿದ್ದು ಅಂಗಳ. ರಗ್ಬಿ ಆಮೇಲೆ ವಾಪಸ್ ಬಂತು, 1924ರಿಂದ ಅಖಿಲ ಭಾರತ ಟೂರ್ನಮೆಂಟೂ ನಡೀತು. ಆದರೆ ಕಲ್ಕತ್ತಾ, ಮುಂಬೈಗಳ ಜಿಮ್ಖಾನಾ, ಸೇನೆ, ಪೊಲೀಸ್ ಇವುಗಳ ಆಚೆ ಹೆಚ್ಚೇನೂ ದಾಟಲಿಲ್ಲ. ಭಾರತದ ರಾಷ್ಟ್ರೀಯ ತಂಡ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 1998ರಲ್ಲಿ. ನಟ ರಾಹುಲ್ ಬೋಸ್ ಆ ತಂಡದಲ್ಲಿದ್ದರು. 1872ರಿಂದ 1998, ನೂರಿಪ್ಪತ್ತಾರು ವರ್ಷ!

ಬಾಗಿಲು ತೆರೆದವರು ಕ್ಲಬ್ಬಿನಿಂದ ಹೊರಗೆ ಬಂದ ಕೆಲವರು. ಬ್ಯಾಂಕ್ ಅಧಿಕಾರಿಯಾಗಿ ಕಲ್ಕತ್ತಾಗೆ ಬಂದಿದ್ದ ಟಿಮ್ ಗ್ರ್ಯಾಂಡೇಜ್ ಬೀದಿ ಮಕ್ಕಳಿಗಾಗಿ ಫ್ಯೂಚರ್ ಹೋಪ್ ಅನ್ನೋ ಸಂಸ್ಥೆ ಕಟ್ಟಿದರು. ಊಟ, ಪಾಠದ ಜೊತೆ ಅವರ ಕೈಗೆ ರಗ್ಬಿ ಚೆಂಡನ್ನೂ ಕೊಟ್ಟರು. ಬ್ರಿಟಿಷ್ ಡೆಪ್ಯುಟಿ ಹೈಕಮಿಷನ್ನಿನಲ್ಲಿ ಕೆಲಸಕ್ಕಿದ್ದ ಪಾಲ್ ವಾಲ್ಶ್ 2004ರಲ್ಲಿ ಜಂಗಲ್ ಕ್ರೋಸ್ ಅನ್ನೋ ತಂಡ ಶುರುಮಾಡಿದರು. 'ಕಾಡು ಕಾಗೆಗಳು' ಅನ್ನೋ ಹೆಸರೇ ಜಿಮ್ಖಾನಾ ಗಾಂಭೀರ್ಯವನ್ನು ಅಣಕಿಸೋ ಹಾಗಿದೆ ಅಲ್ವಾ? ಆಮೇಲೆ ಅವರು ರಾಜತಾಂತ್ರಿಕ ಕೆಲಸ ಬಿಟ್ಟು ಕಲ್ಕತ್ತಾದಲ್ಲೇ ಉಳಿದರು. ಆ ತಂಡದಿಂದ ಹುಟ್ಟಿದ ಮಕ್ಕಳ ಕಾರ್ಯಕ್ರಮದ ಹೆಸರು 'ಖೇಲೋ ರಗ್ಬಿ'. ಕೊಳೆಗೇರಿ ಪಕ್ಕದ ಬಯಲು, ಪಾರ್ಕು, ಮೈದಾನದ ಮೂಲೆ, ಎಲ್ಲಿ ಜಾಗ ಸಿಕ್ಕರೆ ಅಲ್ಲಿ ಆಟ. ಇಲ್ಲಿ ಆಡಿ ಬೆಳೆದ ಮಕ್ಕಳೇ ಮುಂದೆ ಕೋಚ್ ಆದರು.

ನೀವು ಕೇಳಬಹುದು, ರಗ್ಬಿ ಅಂದರೆ ಗೂಳಿಗಳ ಗುದ್ದಾಟ, ಏಳೆಂಟು ವರ್ಷದ ಮಕ್ಕಳಿಗೆ ಹೇಗೆ ಅಂತ. ಚಿಕ್ಕವರಿಗೆ ಕಲಿಸೋದು ಟ್ಯಾಗ್ ರಗ್ಬಿ. ಸೊಂಟಕ್ಕೆ ಒಂದು ಪಟ್ಟಿ, ಅದರ ಎರಡೂ ಬದಿಗೆ ಅಂಟಿಸಿದ ಒಂದೊಂದು ರಿಬ್ಬನ್. ಚೆಂಡು ಹಿಡಿದು ಓಡುವವನನ್ನು ಕೆಡವೋ ಹಾಗಿಲ್ಲ, ರಿಬ್ಬನ್ ಕಿತ್ತರೆ ಸಾಕು. ಆಗ ಅವನು ಚೆಂಡನ್ನು ಜೊತೆಯವರಿಗೆ ಕೊಡಬೇಕು. ಗುದ್ದಾಟ ಇಲ್ಲದ್ದರಿಂದ ಹುಡುಗ ಹುಡುಗಿ ಒಟ್ಟಿಗೇ ಆಡಬಹುದು. ಬ್ಯಾಟು, ಪ್ಯಾಡು, ಶೂ ಏನೂ ಬೇಡ, ಇಡೀ ಗುಂಪಿಗೆ ಒಂದೇ ಚೆಂಡು ಸಾಕು.

ರಗ್ಬಿಯ ಮೂಲ ನಿಯಮವೇ ವಿಚಿತ್ರ. ಓಡೋದು ಮುಂದಕ್ಕೆ, ಆದರೆ ಚೆಂಡನ್ನು ಕೈಯಿಂದ ಕೊಡಬಹುದಾದದ್ದು ಪಕ್ಕಕ್ಕೆ ಅಥವಾ ಹಿಂದಕ್ಕೆ ಮಾತ್ರ. ಅಂದರೆ ನಿಮ್ಮ ಹಿಂದೆ ಯಾರೋ ಓಡಿ ಬರ್ತಾ ಇರಲೇಬೇಕು. ಮಕ್ಕಳಿಗೆ ಇದನ್ನು ಭಾಷಣ ಮಾಡಿ ಹೇಳಬೇಕಾಗಿಲ್ಲ. ಎರಡು ಸಲ ಒಬ್ಬನೇ ಓಡಿ ರಿಬ್ಬನ್ ಕಳಕೊಂಡರೆ ಮೂರನೇ ಸಲ ತಾನೇ ತಿರುಗಿ ನೋಡ್ತಾನೆ. ನಮ್ಮೂರಿನ ಕಬಡ್ಡಿಯಲ್ಲಿ ಒಬ್ಬನ ಕಾಲು ಹಿಡಿದಾಗ ಉಳಿದವರೆಲ್ಲ ಬಂದು ಬೀಳೋದನ್ನು ನಮಗೆ ಯಾರಾದರೂ ಹೇಳಿಕೊಟ್ಟಿದ್ದರಾ?

2007ರಲ್ಲಿ ಭುವನೇಶ್ವರದ ಕಳಿಂಗ ಇನ್ಸ್ಟಿಟ್ಯೂಟ್ ಆಫ್ ಸೋಷಿಯಲ್ ಸೈನ್ಸಸ್‌ನ ಆದಿವಾಸಿ ಹುಡುಗರು ಲಂಡನ್ನಿಗೆ ಹೋಗಿ 14 ವರ್ಷದೊಳಗಿನವರ ಅಂತಾರಾಷ್ಟ್ರೀಯ ಟೂರ್ನಮೆಂಟ್ ಗೆದ್ದು ಬಂದರು. ಫೈನಲ್ಲಿನಲ್ಲಿ ಸೋತಿದ್ದು ದಕ್ಷಿಣ ಆಫ್ರಿಕಾದ ತಂಡ. ಆ ಹುಡುಗರ ತರಬೇತಿಯಲ್ಲೂ ಪಾಲ್ ವಾಲ್ಶ್ ಇದ್ದರು. ಇದರ ಮೇಲೆ 'ಜಂಗಲ್ ಕ್ರೈ' ಅಂತ ಸಿನಿಮಾ ಕೂಡ ಬಂತು. ಆದರೆ ನನಗೆ ಅದಕ್ಕಿಂತ ಮುಖ್ಯ ಅನಿಸಿದ್ದು ಸಿನಿಮಾ ಆಗದ ಇನ್ನೊಂದು ಊರು. ಭುವನೇಶ್ವರದಲ್ಲಿ ಮಕ್ಕಳು ಹಾಸ್ಟೆಲ್ಲಿಗೆ ಬಂದು ಆಟ ಕಲಿತರು. ಇಲ್ಲಿ ಆಟವೇ ಮಕ್ಕಳ ಮನೆ ಬಾಗಿಲಿಗೆ ಹೋಯಿತು.

ಆ ಊರು ಸರಸ್ವತೀಪುರ. ಉತ್ತರ ಬಂಗಾಳದ ಜಲ್ಪಾಯ್‌ಗುರಿ ಜಿಲ್ಲೆಯಲ್ಲಿ, ಕಾಡಿನ ಅಂಚಿನಲ್ಲಿರೋ ಚಹಾ ತೋಟ. ಆನೆಗಳು ಓಡಾಡೋ ಜಾಗ. ಇಲ್ಲಿನ ಚಹಾ ಸೀಮೆಗೆ ಹತ್ತೊಂಬತ್ತನೇ ಶತಮಾನದಲ್ಲಿ ಬ್ರಿಟಿಷ್ ತೋಟಗಾರರು ಛೋಟಾನಾಗಪುರದಿಂದ ಆದಿವಾಸಿಗಳನ್ನು ಕೂಲಿಗೆ ಕರೆತಂದರು, ಅವರಲ್ಲಿ ಓರಾಂವ್ ಜನ ಬಹಳ. ಅವರ ಕುರುಖ್ ಭಾಷೆ ನಮ್ಮ ಕನ್ನಡದ ಹಾಗೆ ದ್ರಾವಿಡ ಭಾಷೆ ಅನ್ನೋದು ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಯಾವ ಕಾಲದ ದೊರೆಗಳು ಕಲ್ಕತ್ತಾದಲ್ಲಿ ರಗ್ಬಿ ಆಡಿ ಬೇಜಾರಾಗಿ ಬಿಟ್ಟರೋ, ಅದೇ ಕಾಲದ ಕೂಲಿಗಳ ಮೊಮ್ಮಕ್ಕಳ ಮೊಮ್ಮಕ್ಕಳು ಈಗ ಆ ಆಟವನ್ನು ಎತ್ತಿಕೊಂಡಿದ್ದಾರೆ.

ಸ್ಥಳೀಯ ಪಾದ್ರಿಯೊಬ್ಬರ ಮೂಲಕ 2013ರ ಹೊತ್ತಿಗೆ ಜಂಗಲ್ ಕ್ರೋಸ್‌ನ ಕೋಚ್‌ಗಳು ಅಲ್ಲಿಗೆ ಹೋದರು. ಹುಡುಗರ ಜೊತೆ ಹುಡುಗಿಯರೂ ಬಂದರು, ಬರಬರುತ್ತಾ ಹುಡುಗಿಯರೇ ಮುಂದಾದರು. ಚಹಾ ತೋಟದ ಹುಡುಗಿ ಅಂದರೆ ಮುಂದಿನ ದಾರಿ ಬಹುಮಟ್ಟಿಗೆ ಮೊದಲೇ ಬರೆದಿಟ್ಟ ಹಾಗೆ. ಶಾಲೆ ಅರ್ಧಕ್ಕೆ ನಿಲ್ಲಿಸೋದು, ಬೇಗ ಮದುವೆ, ಇಲ್ಲವೇ ಎಲೆ ಕೀಳೋ ಕೂಲಿ. ಕೆಲವರನ್ನು ಮನೆಗೆಲಸ ಕೊಡಿಸ್ತೀವಿ ಅಂತ ದೊಡ್ಡ ಊರುಗಳಿಗೆ ಸಾಗಿಸೋ ದಲ್ಲಾಳಿಗಳೂ ಇದ್ದಾರೆ. ಇಂಥ ಕಡೆ ದಿನಾ ಸಂಜೆಯ ಆಟ ಬರೀ ಆಟ ಆಗಿರಲ್ಲ. ಒಂದು ಹುಡುಗಿ ಎರಡು ದಿನ ಬರದಿದ್ದರೆ 'ಯಾಕೆ ಬರಲಿಲ್ಲ' ಅಂತ ಕೇಳೋರು ಹತ್ತು ಜನ ಹುಟ್ಟಿಕೊಳ್ತಾರೆ. ನನ್ನ ಲೆಕ್ಕದಲ್ಲಿ ಯಾವ ಪದಕಕ್ಕಿಂತ ಇದು ದೊಡ್ಡದು.

ಪದಕವೂ ಬಂತು ಅನ್ನಿ. ಭಾರತದ ಮಹಿಳಾ ತಂಡ ಹದಿನೈದು ಜನರ ರಗ್ಬಿಯಲ್ಲಿ ಮೊದಲ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು 2018ರಲ್ಲಿ. ಮರುವರ್ಷ ಜೂನ್‌ನಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಸಿಂಗಾಪುರವನ್ನು 21-19ರಿಂದ ಸೋಲಿಸಿ ಮೊದಲ ಗೆಲುವು ಕಂಡಿತು, ಕಂಚೂ ಸಿಕ್ಕಿತು. ಆ ತಂಡದಲ್ಲಿ ಸರಸ್ವತೀಪುರದ ಹುಡುಗಿಯರಿದ್ದರು. ಅದೇ ತೋಟದ ಸಂಧ್ಯಾ ರಾಯ್ ಮುಂದೆ ಏಷ್ಯಾ ರಗ್ಬಿಯ 'ಅನ್‌ಸ್ಟಾಪಬಲ್ಸ್' ಪಟ್ಟಿಯಲ್ಲಿ ಜಾಗ ಪಡೆದರು. ಹಲವರು ವಿದ್ಯಾರ್ಥಿವೇತನದಲ್ಲಿ ಕಲ್ಕತ್ತಾಗೆ ಹೋಗಿ ಕಾಲೇಜು ಓದಿದರು.

ಎಲ್ಲ ಸರಿಹೋಯಿತು ಅಂತ ಹೇಳಲಾರೆ. ಇಂಥ ಕಾರ್ಯಕ್ರಮಗಳು ನಡೆಯೋದು ದಾನಿಗಳ ದುಡ್ಡಲ್ಲಿ, ದಾನಿ ಕೈಬಿಟ್ಟರೆ ಕಷ್ಟ. ತೋಟದ ಕೂಲಿ ರಗ್ಬಿಯಿಂದ ಹೆಚ್ಚಾಗಲ್ಲ. ಆಡಿದ ನೂರು ಮಕ್ಕಳಲ್ಲಿ ದೇಶದ ಜರ್ಸಿ ತೊಡೋರು ಒಬ್ಬಿಬ್ಬರು. ಉಳಿದವರಿಗೆ ಆಟ ಏನು ಕೊಟ್ಟಿತು ಅನ್ನೋದೇ ನಿಜವಾದ ಪರೀಕ್ಷೆ. ಅದಕ್ಕೆ ಸ್ಕೋರ್‌ಬೋರ್ಡ್ ಇಲ್ಲ.

ಈ ಪರೀಕ್ಷೆ ಬೆಂಗಳೂರಿನ ನಮಗೂ ಅನ್ವಯಿಸುತ್ತೆ. 2025ರ ಜೂನ್‌ನಲ್ಲಿ ರಗ್ಬಿಗೂ ಫ್ರಾಂಚೈಸಿ ಲೀಗ್ ಬಂತು, ನಮ್ಮ ಊರಿನ ಹೆಸರಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಅಂತ ತಂಡವೂ ಆಡಿತು. ಸಂತೋಷವೇ. ಲೀಗ್ ಅಂದರೆ ಹಣ, ಟಿವಿ, ಹೆಸರು. ಆದರೆ 1877ರ ಕ್ಲಬ್ಬಿನ ಹತ್ತಿರವೂ ಹಣ, ಹೆಸರು ಇತ್ತು. ನನ್ನ ಸಹೋದ್ಯೋಗಿಗಳು ನಾಲ್ಕು ವರ್ಷದ ಮಗುವನ್ನು ಟರ್ಫ್ ಅಕಾಡೆಮಿಗೆ ಸೇರಿಸಿ ಮೂರನೇ ತಿಂಗಳಿಗೇ 'ಪ್ರೋಗ್ರೆಸ್ ಏನು' ಅಂತ ಕೋಚ್‌ನ ಕೇಳ್ತಾರೆ, ಆಫೀಸಿನ ಸ್ಪ್ರಿಂಟ್ ರಿವ್ಯೂ ಥರ. ಅದೇ ಅಪಾರ್ಟ್‌ಮೆಂಟಿನ ಗೇಟಿನ ಆಚೆ ಸೆಕ್ಯುರಿಟಿಯವರ, ಮನೆಗೆಲಸದವರ ಮಕ್ಕಳು ಬೇಲಿ ಹಿಡಿದು ನೋಡ್ತಾ ನಿಂತಿರ್ತಾರೆ.

ಕಂಪನಿಗಳ ಸಿಎಸ್‌ಆರ್ ದುಡ್ಡಲ್ಲಿ ಒಂದು ದಿನದ ಕ್ರೀಡಾಕೂಟ ಮಾಡಿ ಟೀ ಶರ್ಟ್ ಹಂಚಿ ಫೋಟೋ ತೆಗೆಸಿಕೊಳ್ಳೋದು ಸುಲಭ. ವಾರಕ್ಕೆ ಎರಡು ಸಂಜೆ, ವರ್ಷವಿಡೀ, ಒಬ್ಬರೇ ಕೋಚ್, ಒಂದು ಚೆಂಡು, ಎಲ್ಲ ಮಕ್ಕಳೂ ಅನ್ನೋದು ಕಷ್ಟ. ಆದರೆ ಸರಸ್ವತೀಪುರದಲ್ಲಿ ಕೆಲಸ ಮಾಡಿದ್ದು ಇದೇ. ನಿಮ್ಮ ಅಸೋಸಿಯೇಷನ್ನಿನ ಮುಂದಿನ ಮೀಟಿಂಗಿನಲ್ಲಿ ಪಾರ್ಕಿಂಗ್ ಚರ್ಚೆ ಮುಗಿದ ಮೇಲೆ ಐದು ನಿಮಿಷ ಕೇಳಿ ನೋಡಿ, ಭಾನುವಾರ ಸಂಜೆ ಆ ಟರ್ಫ್ ಖಾಲಿ ಇರುತ್ತಾ, ಗೇಟು ತೆಗೆಯೋಕೆ ಆಗುತ್ತಾ ಅಂತ. ನಮ್ಮಲ್ಲಿ ಮೊದಲ ಸಲ ಕೇಳಿದಾಗ ಸೆಕ್ರೆಟರಿ 'ಲಯಬಿಲಿಟಿ ಇಶ್ಯೂ ಆಗುತ್ತೆ' ಅಂದರು. ಮುಂದಿನ ತಿಂಗಳು ಮತ್ತೆ ಕೇಳ್ತೀನಿ.