ಕರೆಂಟು ಎಲ್ಲಿಯವರೆಗೆ ಬಂದಿದೆ?

ಮಣ್ಣು ಅಗೆಯುವ ಯಂತ್ರವೊಂದು ಕೆಲಸದ ನಡುವೆ ಸುಮ್ಮನಾದರೆ ನಮ್ಮ ಕಡೆ ಮೊದಲು ಕೇಳಿಬರುವ ಮಾತು 'ಬ್ಯಾಟರಿ ಹೋಗಿರಬೇಕು'. ಎರಡನೆಯದು 'ಸೆಲ್ಫ್ ಹೋಗಿರಬೇಕು'. ಮೂರನೆಯದು 'ಡೈನಮೋ'. ಮೂರನ್ನೂ ಬದಲಿಸಿದ ಮೇಲೂ ಯಂತ್ರ ಮಿಸುಕದಿದ್ದಾಗ ಯಾರೋ ಒಬ್ಬರು ಮೀಟರು ತರುತ್ತಾರೆ. ಮೊದಲೇ ಬರಬೇಕಾದ ಮೀಟರು ಕೊನೆಗೇಕೆ ಬರುತ್ತದೆ ಎಂಬ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿದೆ. ಅದರ ಜಾಡು ಹಿಡಿದು ಹೋದರೆ 160ಕ್ಕೂ ಹೆಚ್ಚು ವರ್ಷ ಹಿಂದಕ್ಕೆ, ಅಟ್ಲಾಂಟಿಕ್ ಸಾಗರದ ತಳಕ್ಕೆ ಇಳಿಯಬೇಕಾಗುತ್ತದೆ.

1858ರ ಆಗಸ್ಟಿನಲ್ಲಿ ಐರ್ಲೆಂಡಿಗೂ ನ್ಯೂಫೌಂಡ್‌ಲ್ಯಾಂಡಿಗೂ ನಡುವೆ ಸಮುದ್ರದಡಿಯ ಮೊದಲ ಟೆಲಿಗ್ರಾಫ್ ಕೇಬಲ್ಲು ಹಾಸಿ ಮುಗಿಯಿತು. ವಿಕ್ಟೋರಿಯಾ ರಾಣಿ ಅಮೆರಿಕದ ಅಧ್ಯಕ್ಷರಿಗೆ ಕಳಿಸಿದ 98 ಪದಗಳ ಸಂದೇಶ ಆಚೆ ದಡ ಮುಟ್ಟಲು ಸುಮಾರು 16 ಗಂಟೆ ಹಿಡಿಯಿತು. ಕೇಬಲ್ಲಿನ ಹೊಣೆ ಹೊತ್ತಿದ್ದವರು ವೈಲ್ಡ್‌ಮನ್ ವೈಟ್‌ಹೌಸ್. ವೃತ್ತಿಯಿಂದ ಶಸ್ತ್ರವೈದ್ಯ, ಆಸಕ್ತಿಯಿಂದ ವಿದ್ಯುತ್ ಪ್ರಯೋಗಕಾರ. ಸಂಕೇತ ದುರ್ಬಲವಾದರೆ ಒತ್ತಡ ಹೆಚ್ಚಿಸಬೇಕು ಎಂಬುದು ಅವರ ನಂಬಿಕೆ. ಅವರು ಸುಮಾರು 2000 ವೋಲ್ಟ್‌ವರೆಗೆ ಹಾಯಿಸಿದರು. ತಯಾರಿಕೆಯಲ್ಲೇ ದೋಷವಿದ್ದ ಆ ಕೇಬಲ್ಲು ಕೆಲವೇ ವಾರಗಳಲ್ಲಿ ಮೂಕವಾಯಿತು.

ಅದೇ ಯೋಜನೆಯಲ್ಲಿದ್ದ ಇನ್ನೊಬ್ಬರು ವಿಲಿಯಂ ಥಾಮ್ಸನ್, ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡವರು. ಅವರದು ತದ್ವಿರುದ್ಧ ದಾರಿ. ಹೆಚ್ಚು ಕರೆಂಟು ತಳ್ಳುವ ಬದಲು, ಬಂದಷ್ಟನ್ನೇ ನೋಡಬಲ್ಲ ಸೂಕ್ಷ್ಮ ಉಪಕರಣ ಬೇಕು ಎಂದರು. ಪುಟ್ಟ ಕನ್ನಡಿಯೊಂದು ತಿರುಗಿದಾಗ ಬೆಳಕಿನ ಚುಕ್ಕೆ ಅಳತೆಪಟ್ಟಿಯ ಮೇಲೆ ಸರಿಯುವ ಗ್ಯಾಲ್ವನೋಮೀಟರನ್ನು ರೂಪಿಸಿದರು. ದೋಷ ಹುಡುಕುವ ವಿದ್ಯೆಯ ಇತಿಹಾಸ ನನಗೆ ಈ ಇಬ್ಬರ ನಡುವಿನ ಜಗಳದಂತೆಯೇ ಕಾಣುತ್ತದೆ: ಬಲ ಹಾಕುವವನೊಬ್ಬ, ಅಳೆಯುವವನೊಬ್ಬ.

1865ರಲ್ಲಿ 'ಗ್ರೇಟ್ ಈಸ್ಟರ್ನ್' ಹಡಗು ಹೊಸ ಕೇಬಲ್ಲು ಹಾಸಲು ಹೊರಟಿತು. ಒಂದೆರಡು ದಿನಗಳಲ್ಲೇ ದೋಷ ಕಾಣಿಸಿತು. ನೀರಿಗಿಳಿದ ಅಷ್ಟುದ್ದದ ಕೇಬಲ್ಲಿನಲ್ಲಿ ಅದು ಎಲ್ಲಿದೆಯೆಂದು ಕಣ್ಣಿಂದ ನೋಡುವಂತಿಲ್ಲ. ಆದರೆ ತಾಮ್ರದ ಒಂದು ಮೈಲಿಗೆ ಇಷ್ಟು ರೋಧ ಎಂದು ಗೊತ್ತಿದ್ದರೆ, ರೋಧವನ್ನು ಅಳೆದು ದೂರವನ್ನು ಅಂದಾಜು ಮಾಡಬಹುದು. ಇದಕ್ಕೆ ಬೇಕಾದ ಗಣಿತವನ್ನು ಜಾರ್ಜ್ ಓಮ್ 1827ರಲ್ಲೇ ಕೊಟ್ಟಿದ್ದರು. ಅಳೆಯುವ ಸೇತುವೆಯನ್ನು ಕ್ರಿಸ್ಟಿ 1833ರಲ್ಲಿ ಕಲ್ಪಿಸಿ, ವೀಟ್‌ಸ್ಟನ್ 1843ರಲ್ಲಿ ಜನಪ್ರಿಯಗೊಳಿಸಿದ್ದರು. ಹಡಗಿನವರು ಲೆಕ್ಕ ಹಾಕಿ ಕೇಬಲ್ಲನ್ನು ಹಿಂದಕ್ಕೆಳೆದಾಗ ಸಿಕ್ಕಿದ್ದು ಹೊದಿಕೆಯನ್ನು ಚುಚ್ಚಿಕೊಂಡು ಒಳಗೆ ಹೋಗಿದ್ದ ಪುಟ್ಟ ಲೋಹದ ತಂತಿ. ಅಷ್ಟು ದೊಡ್ಡ ಕೆಲಸವನ್ನು ನಿಲ್ಲಿಸಿದ್ದು ಅಷ್ಟೇ.

ಆ ಕಾಲದ ಅಗೆಯುವ ಯಂತ್ರಗಳಿಗೆ ಈ ವಿದ್ಯೆಯ ಹಂಗಿರಲಿಲ್ಲ. ವಿಲಿಯಂ ಓಟಿಸ್ 1839ರಲ್ಲಿ ಹಕ್ಕುಪತ್ರ ಪಡೆದ ಯಂತ್ರ ಹಬೆಯದು. ಮುಂದೆ ಪನಾಮಾ ಕಾಲುವೆಯ ಗುಡ್ಡ ಕಡಿದದ್ದೂ ಹಬೆಯ ಯಂತ್ರಗಳೇ. 1931ರಲ್ಲಿ ಬಂದ ಕ್ಯಾಟರ್‌ಪಿಲ್ಲರ್‌ನ ಮೊದಲ ಡೀಸೆಲ್ ಟ್ರಾಕ್ಟರಿಗೆ ಚಾಲನೆ ಕೊಡುತ್ತಿದ್ದದ್ದು ಅದರ ಪಕ್ಕದಲ್ಲಿದ್ದ ಚಿಕ್ಕ ಪೆಟ್ರೋಲ್ ಎಂಜಿನ್. ಬ್ಯಾಟರಿ, ಸೆಲ್ಫ್ ಮೋಟಾರುಗಳು ಆ ಜಾಗವನ್ನು ಹಿಡಿದದ್ದು ನಿಧಾನವಾಗಿ. ಆ ಹೊತ್ತಿಗೆ ಅಳೆಯುವ ಸಾಧನವೂ ಕೈಗೆ ಸಿಗುವಷ್ಟು ಚಿಕ್ಕದಾಗಿತ್ತು. ಬ್ರಿಟಿಷ್ ಅಂಚೆ ಇಲಾಖೆಯ ಎಂಜಿನಿಯರ್ ಡೊನಾಲ್ಡ್ ಮೆಕೇಡಿ ಆಂಪಿಯರ್, ವೋಲ್ಟ್, ಓಮ್ ಮೂರನ್ನೂ ಅಳೆಯುವ ಒಂದೇ ಪೆಟ್ಟಿಗೆಯನ್ನು ರೂಪಿಸಿದರು. ಮೂರರ ಮೊದಲಕ್ಷರ ಸೇರಿಸಿ ಆವೋ ಎಂದು ಹೆಸರಾದ ಆ ಮೀಟರು 1923ರಲ್ಲಿ ಮಾರುಕಟ್ಟೆಗೆ ಬಂತು. ಹೀಗೆ ಟೆಲಿಗ್ರಾಫ್ ತಂತಿಯವರ ವಿದ್ಯೆ ಗ್ಯಾರೇಜಿನ ಬೆಂಚಿಗೆ ಇಳಿಯಿತು.

ಇಂದಿನ ದೊಡ್ಡ ಯಂತ್ರದಲ್ಲಿ ಸಾಮಾನ್ಯವಾಗಿ 12 ವೋಲ್ಟಿನ ಎರಡು ಬ್ಯಾಟರಿಗಳನ್ನು ಸರಣಿಯಲ್ಲಿ ಜೋಡಿಸಿ 24 ಮಾಡಿರುತ್ತಾರೆ. ಚೆನ್ನಾಗಿ ಚಾರ್ಜಾದ ಜೋಡಿ ಸುಮ್ಮನಿದ್ದಾಗ ಸುಮಾರು 25 ವೋಲ್ಟ್ ತೋರಿಸುತ್ತದೆ. ಮೋಸ ಇರುವುದು ಇಲ್ಲೇ. ಟರ್ಮಿನಲ್ಲಿಗೆ ಹಸಿರು ಕಿಲುಬು ಹಿಡಿದಿದ್ದರೂ, ದಪ್ಪ ಕೇಬಲ್ಲಿನ ಒಂದೆರಡು ಎಳೆ ಮಾತ್ರ ಉಳಿದಿದ್ದರೂ, ಸುಮ್ಮನೆ ಅಳೆದರೆ ಸೆಲ್ಫ್ ಮೋಟಾರಿನ ಬಳಿಯೂ ಅದೇ 25 ಬರುತ್ತದೆ, ಏಕೆಂದರೆ ಮೀಟರು ಕುಡಿಯುವ ಕರೆಂಟು ಇಲ್ಲವೆನ್ನುವಷ್ಟು ಕಡಿಮೆ. ಕೀಲಿ ತಿರುಗಿಸಿ ಮೋಟಾರು ನೂರಾರು ಆಂಪಿಯರ್ ಕೇಳಿದಾಗಲೇ ನಿಜ ಹೊರಬರುವುದು. 400 ಆಂಪಿಯರ್ ಹರಿಯುವ ದಾರಿಯಲ್ಲಿ ಬರೀ 0.01 ಓಮ್ ರೋಧವಿದ್ದರೂ 4 ವೋಲ್ಟ್ ಅಲ್ಲೇ ನಷ್ಟ. ಆದ್ದರಿಂದ ಬಲ್ಲವರು ಸೆಲ್ಫ್ ಹೊಡೆಯುತ್ತಿರುವಾಗಲೇ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ಸಿಗೂ ಇನ್ನೊಂದನ್ನು ಮೋಟಾರಿನ ಪ್ಲಸ್ಸಿಗೂ ಇಟ್ಟು, ದಾರಿಯಲ್ಲಿ ಎಷ್ಟು ಕಳೆದುಹೋಯಿತೆಂದು ನೋಡುತ್ತಾರೆ. ಮೈನಸ್ ಕಡೆಯೂ ಹಾಗೆಯೇ. ಕರೆಂಟು ಹಿಂದಿರುಗುವುದು ಯಂತ್ರದ ಮೈಯ ಮೂಲಕ. ಅರ್ಥಿಂಗ್ ಬೋಲ್ಟಿನ ಕೆಳಗಿನ ತುಕ್ಕು, ಬಣ್ಣ, ಒಣಗಿದ ಕೆಸರು ಅದನ್ನು ತಡೆಯುತ್ತವೆ. ಬ್ಯಾಟರಿಯಲ್ಲಿ 25 ಇದ್ದು ಮೋಟಾರಿನ ಬಳಿ 17 ಇದ್ದರೆ, ಕಳ್ಳ ಆ ಎರಡರ ನಡುವೆ ಇದ್ದಾನೆ. ಸಾಗರದ ಕೇಬಲ್ಲಿಗೆ ಹಾಕಿದ ಲೆಕ್ಕ ಇಲ್ಲಿ ನಾಲ್ಕು ಮಾರು ದೂರಕ್ಕೆ ಇಳಿದಿದೆ, ಅಷ್ಟೇ.

ಈಚಿನ ಯಂತ್ರಗಳಲ್ಲಿ ಕಂಪ್ಯೂಟರೇ ದೋಷದ ಸಂಖ್ಯೆ ತೋರಿಸುತ್ತದಲ್ಲ, ಇನ್ನು ಅಳೆಯುವುದೇಕೆ ಎನ್ನಬಹುದು. ಹಲವು ಸೆನ್ಸಾರುಗಳಿಗೆ 5 ವೋಲ್ಟ್ ಒಂದೇ ತಂತಿಯಿಂದ ಹಂಚಿಕೆಯಾಗುತ್ತದೆ. ಅವುಗಳಲ್ಲಿ ಒಂದು ಶಾರ್ಟ್ ಆದರೂ ಉಳಿದವೆಲ್ಲ ಒಟ್ಟಿಗೆ ಸತ್ತಂತೆ ಪರದೆಯ ಮೇಲೆ ಸಾಲುಸಾಲು ಸಂಖ್ಯೆ ಮೂಡುತ್ತದೆ. ಪರದೆಯನ್ನು ನಂಬಿದವರು ಎಲ್ಲವನ್ನೂ ಕೊಳ್ಳುತ್ತಾರೆ. ಅಳೆಯುವವರು ಒಂದೊಂದೇ ಕನೆಕ್ಟರ್ ಬಿಡಿಸುತ್ತ, ಯಾವುದನ್ನು ತೆಗೆದಾಗ 5 ವೋಲ್ಟ್ ಮರಳಿತೆಂದು ನೋಡುತ್ತಾರೆ. ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಜಾಲದಲ್ಲಿ ಕಂಪ್ಯೂಟರುಗಳು ಪರಸ್ಪರ ಮಾತಾಡುವುದು ಹೆಣೆದ ಎರಡು ತಂತಿಗಳ ಮೇಲೆ; ಎರಡೂ ತುದಿಗೆ 120 ಓಮ್. ಕರೆಂಟು ತೆಗೆದು ಅಳೆದರೆ 60 ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ. ಓಮ್ ಮಹಾಶಯನ ಲೆಕ್ಕ ಇಲ್ಲೂ ಬಿಡಲಿಲ್ಲ.

ಕರ್ನಾಟಕಕ್ಕೆ ಈ ಯಂತ್ರಗಳು ಹೊಸವಲ್ಲ. ಭಾರತ್ ಅರ್ಥ್ ಮೂವರ್ಸ್ 1964ರಲ್ಲಿ ಹುಟ್ಟಿದ್ದು ಬೆಂಗಳೂರಿನಲ್ಲಿ; ಮಣ್ಣೆತ್ತುವ ಯಂತ್ರಗಳ ಅದರ ಕಾರ್ಖಾನೆ ಇರುವುದು ಕೋಲಾರದ ಚಿನ್ನದ ಗಣಿಯ ಊರಿನಲ್ಲಿ. ಜೆಸಿಬಿ, ಹಿಟಾಚಿ ಎಂಬ ಕಂಪನಿ ಹೆಸರುಗಳು ನಮ್ಮ ಹಳ್ಳಿಗಳಲ್ಲಿ ಯಂತ್ರದ ಹೆಸರೇ ಆಗಿಬಿಟ್ಟಿವೆ. ಆದರೆ ಅವುಗಳ ವೈರಿಂಗ್ ನಕ್ಷೆಗಳು ಬಹುಪಾಲು ಇಂಗ್ಲಿಷಿನಲ್ಲಿವೆ. ನಕ್ಷೆ ಓದಲಾಗದ ಹುಡುಗನಿಗೆ ಉಳಿಯುವುದು ಬದಲಿಸಿ ನೋಡುವ ದಾರಿ ಒಂದೇ. ಫ್ಯೂಸ್ ಮತ್ತೆ ಮತ್ತೆ ಹೋದಾಗ ದಪ್ಪ ತಂತಿ ಕಟ್ಟಿಬಿಡುವುದೂ ಅದೇ ದಾರಿಯ ಮುಂದುವರಿಕೆ. ಇದು ವೈಟ್‌ಹೌಸರ ತರ್ಕವೇ: ಹೋಗದಿದ್ದರೆ ಇನ್ನಷ್ಟು ತಳ್ಳು. ಅವರ ಕೇಬಲ್ಲು ಮೂಕವಾಯಿತು. ಇಲ್ಲಿ ವೈರಿಂಗಿಗೆ ಬೆಂಕಿ ಹತ್ತುತ್ತದೆ, ಪಕ್ಕದಲ್ಲೇ ಡೀಸೆಲ್ ಮತ್ತು ಹೈಡ್ರಾಲಿಕ್ ಎಣ್ಣೆ ಇರುತ್ತವೆ, ಒಳಗೆ ಆಪರೇಟರ್ ಕೂತಿರುತ್ತಾನೆ.

ಮೀಟರು ಕೊನೆಗೆ ಬರುವುದಕ್ಕೆ ಅದರ ಬೆಲೆ ಕಾರಣವಲ್ಲ. ಇಂದು ಅದು ಒಂದು ಬ್ಯಾಟರಿಗಿಂತ ಎಷ್ಟೋ ಅಗ್ಗ. 'ಯಾವುದು ಹೋಗಿದೆ' ಎಂದು ಕೇಳುವುದನ್ನು ನಾವು ಬೇಗ ಕಲಿಯುತ್ತೇವೆ, 'ಎಲ್ಲಿಯವರೆಗೆ ಬಂದಿದೆ' ಎಂದು ಕೇಳುವುದನ್ನು ಯಾರಾದರೂ ಕಲಿಸಬೇಕಾಗುತ್ತದೆ. ಕನ್ನಡದಲ್ಲಿ ಅದನ್ನು ಕಲಿಸುವ ಪುಸ್ತಕಗಳು ಗ್ಯಾರೇಜಿನ ಬೆಂಚಿಗೂ ತಲುಪಬೇಕು.